ಬೋಲ್ಗೆರಿಯಲ್ಲಿ ಐದು ದಿನ: ಸಸ್ಸಿಕಾಯಾ 2015 ಮತ್ತು 2016

ಮೊದಲ ದಿನ: ಪೀಸಾದಿಂದ ದಕ್ಷಿಣಕ್ಕೆ

ಸಸ್ಸಿಕಾಯಾ ಇಟಲಿಯ ಟಸ್ಕನಿ ಪ್ರಾಂತ್ಯದ ಬೋಲ್ಗೆರಿ ಎಂಬ ಊರಿನ ಹೆಸರಾಂತ ಕೆಂಪು ವೈನು. ಅದರ 2015 ಮತ್ತು 2016ರ ಫಸಲುಗಳನ್ನು ಪಕ್ಕಪಕ್ಕ ಇಟ್ಟು ರುಚಿ ನೋಡುವ ಪ್ರವಾಸ ಇದು. ಬೆಂಗಳೂರಿನಿಂದ ಪೀಸಾಗೆ ನೇರ ವಿಮಾನವಿಲ್ಲ. ದುಬೈ, ದೋಹಾ, ಫ್ರಾಂಕ್‌ಫರ್ಟ್ ಹೀಗೆ ಎಲ್ಲಾದರೂ ಒಂದು ಕಡೆ ಇಳಿದು ಹತ್ತಬೇಕು. ಪೀಸಾ ವಿಮಾನ ನಿಲ್ದಾಣದಿಂದ ರೈಲು ನಿಲ್ದಾಣಕ್ಕೆ ಐದು ನಿಮಿಷದ ದಾರಿ. ಅಲ್ಲಿಂದ ರೋಮ್ ಕಡೆ ಹೋಗುವ ಕರಾವಳಿ ಮಾರ್ಗದ ಪ್ಯಾಸೆಂಜರ್ ರೈಲು ಹಿಡಿದರೆ ಸುಮಾರು ಒಂದು ಗಂಟೆಯಲ್ಲಿ ನಾವು ಇಳಿಯಬೇಕಾದ ಕಾಸ್ತಾನ್ಯೆತೊ ಕಾರ್ದೂಚಿ–ದೊನೊರಾತಿಕೊ ನಿಲ್ದಾಣ ಬರುತ್ತದೆ. ಕಾಗದದ ಟಿಕೆಟ್ ತೆಗೆದುಕೊಂಡಿದ್ದರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಲೇಬೇಕು. ಮುದ್ರೆಯಿಲ್ಲದ ಟಿಕೆಟ್ಟಿಗೂ ದಂಡ ಬೀಳುತ್ತದೆ.

ರೈಲು ಬಿಡುವ ಮುಂಚೆ ಪೀಸಾದ ಬಗ್ಗೆ ಒಂದು ಮಾತು. ವಾಲಿದ ಗೋಪುರ ನೋಡಿ ಹೊರಡುವವರಿಗೆ ಗೊತ್ತಾಗದ ಸಂಗತಿಯೆಂದರೆ, ಸಸ್ಸಿಕಾಯಾದ ಕಥೆ ಶುರುವಾಗುವುದು ಇದೇ ಊರಿನ ಉತ್ತರಕ್ಕಿರುವ ಮಿಲ್ಯಾರಿನೊ ಎಂಬಲ್ಲಿ. ಅಲ್ಲಿ ಸಾಲ್ವಿಯಾತಿ ಮನೆತನದ ತೋಟದಲ್ಲಿ ಕ್ಯಾಬರ್ನೆ ಎಂಬ ಫ್ರೆಂಚ್ ದ್ರಾಕ್ಷಿ ತಳಿಯ ಹಳೆಯ ಬಳ್ಳಿಗಳಿದ್ದವು. 1944ರಲ್ಲಿ ಮಾರಿಯೊ ಇಂಚೀಸಾ ದೆಲ್ಲಾ ರೊಕ್ಕೆತ್ತಾ ಅಲ್ಲಿಂದ ಕಡ್ಡಿ ತಂದು ಬೋಲ್ಗೆರಿಯ ಮೇಲಿನ ಗುಡ್ಡದಲ್ಲಿ ನೆಟ್ಟರು. ಹೆಂಡತಿ ಕ್ಲಾರಿಚೆ ದೆಲ್ಲಾ ಗೆರಾರ್ದೆಸ್ಕಾ ಕಡೆಯಿಂದ ಬಂದ ಜಮೀನು ಅದು. ಟಸ್ಕನಿಯವರೆಲ್ಲ ಸಾಂಜೊವೇಸೆ ಎಂಬ ಇಟಲಿಯ ದ್ರಾಕ್ಷಿ ಬೆಳೆಯುತ್ತಿದ್ದ ಕಾಲದಲ್ಲಿ ಫ್ರೆಂಚ್ ತಳಿ ನೆಟ್ಟಿದ್ದು ಸುತ್ತಲಿನವರಿಗೆ ರುಚಿಸಲಿಲ್ಲ. 1948ರಿಂದ ಸುಮಾರು ಇಪ್ಪತ್ತು ವರ್ಷ ಆ ವೈನು ಎಸ್ಟೇಟಿನ ಗಡಿ ದಾಟಲೇ ಇಲ್ಲ, ಮನೆಯವರೇ ಕುಡಿಯುತ್ತಿದ್ದರು. ಹೊರಗೆ ಮಾರಿದ ಮೊದಲ ಫಸಲು 1968ರದ್ದು.

ತಂಗುವುದಕ್ಕೆ ಬೋಲ್ಗೆರಿ ಅಥವಾ ಕಾಸ್ತಾನ್ಯೆತೊ ಊರಿನ ಒಳಗೇ ಕೋಣೆ ಹಿಡಿಯಿರಿ. ಇಟಲಿಯಲ್ಲಿ ಗಾಡಿ ಓಡಿಸುವವರ ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಮದ್ಯಸಾರ ಮಿತಿ. ಲೈಸೆನ್ಸ್ ಸಿಕ್ಕಿ ಮೂರು ವರ್ಷ ತುಂಬದವರಿಗೆ ಸೊನ್ನೆ. ರುಚಿ ನೋಡಿದ ಸಂಜೆ ನಡೆದು ಕೋಣೆ ಸೇರುವಂತಿರಬೇಕು. ಊರಿಗೆ ಬಂದ ಮೊದಲ ರಾತ್ರಿ ವೈನು ಬೇಡ. ಪ್ರಯಾಣದ ಆಯಾಸ ಮತ್ತು ವಿಮಾನದ ಒಣ ಗಾಳಿಯಿಂದ ಮೂಗು ಕಟ್ಟಿರುತ್ತದೆ. ಬೆಲೆಬಾಳುವ ಬಾಟಲಿಯನ್ನು ಆ ಮೂಗಿಗೆ ಒಪ್ಪಿಸುವುದು ದಂಡ.

ಎರಡನೇ ದಿನ: ಕಲ್ಲು ಮತ್ತು ಸೈಪ್ರೆಸ್ ಸಾಲು

ಬಾಡಿಗೆ ಸೈಕಲ್ ಹಿಡಿದು ಸಾನ್ ಗ್ವೀದೊದ ಪುಟ್ಟ ಪ್ರಾರ್ಥನಾಮಂದಿರದ ಎದುರು ನಿಲ್ಲಿ. ಅಲ್ಲಿಂದ ಬೋಲ್ಗೆರಿಯ ಕೋಟೆ ಬಾಗಿಲಿನವರೆಗೆ ಐದು ಕಿಲೋಮೀಟರಿಗೆ ತುಸು ಕಡಿಮೆ, ಗೆರೆ ಎಳೆದಂತೆ ನೆಟ್ಟಗಿನ ರಸ್ತೆ. ಎರಡೂ ಬದಿಗೆ ಎರಡು ಸಾವಿರಕ್ಕೂ ಹೆಚ್ಚು ಸೈಪ್ರೆಸ್ ಮರ. ಈ ಸಾಲಿನ ಮೇಲೆ ಪದ್ಯ ಬರೆದ ಜೊಸುಎ ಕಾರ್ದೂಚಿ ಬಾಲ್ಯ ಕಳೆದದ್ದು ಇಲ್ಲೇ. 1906ರಲ್ಲಿ ಅವರಿಗೆ ನೊಬೆಲ್ ಬಂತು. ಪಕ್ಕದ ಕಾಸ್ತಾನ್ಯೆತೊ ಅವರ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡಿತು.

ರಸ್ತೆಯ ಉದ್ದಕ್ಕೂ ಕಣ್ಣು ಮರದ ಮೇಲಿರದೆ ನೆಲದ ಮೇಲಿರಲಿ. ಸಸ್ಸೊ ಎಂದರೆ ಇಟಾಲಿಯನ್ನಿನಲ್ಲಿ ಕಲ್ಲು, ಸಸ್ಸಿಕಾಯಾ ಎಂದರೆ ಕಲ್ಲುಗಾಡು. ಉಳುಮೆ ಮಾಡಿದ ಸಾಲಿನ ಅಂಚಿನಲ್ಲಿ ಮುಷ್ಟಿಗಾತ್ರದ ಬೂದು, ಕಂದು ಕಲ್ಲುಗಳು ಮಣ್ಣಿಗಿಂತ ಮೇಲೆದ್ದು ಕೂತಿರುತ್ತವೆ. ಮಧ್ಯಾಹ್ನ ಎರಡಕ್ಕೆ ಒಂದನ್ನು ಎತ್ತಿದರೆ ಅಂಗೈ ಸುಡುತ್ತದೆ. ಅದರ ಕೆಳಗಿನ ಮಣ್ಣು ಮಾತ್ರ ಇನ್ನೂ ತಣ್ಣಗೆ, ಬೆರಳಿಗೆ ತುಸು ಅಂಟುತ್ತದೆ. ಈ ನೆಲದ ಗುಣ ಅಷ್ಟರಲ್ಲೇ ತಿಳಿಯುತ್ತದೆ. ಮಳೆ ಬಿದ್ದರೆ ನೀರು ನಿಲ್ಲದೆ ಇಳಿದುಹೋಗುತ್ತದೆ, ಬೇರು ಅದನ್ನು ಹಿಂಬಾಲಿಸಿ ಆಳಕ್ಕೆ ಹೋಗಲೇಬೇಕು. ಹಳೆಯ ಬಳ್ಳಿಗೆ ಇದು ವರ. ಎಳೆಯ ಬಳ್ಳಿಗೆ ಬಿಸಿ ಜುಲೈ ಬಂತೆಂದರೆ ಕಷ್ಟ. 2015ನ್ನು ಅರ್ಥಮಾಡಿಕೊಳ್ಳಲು ಈ ಕಲ್ಲು ಬೇಕಾಗುತ್ತದೆ, ನಾಳೆ ಅದರ ಮಾತು.

ಬಳ್ಳಿ ಕಟ್ಟಿರುವ ರೀತಿಯನ್ನೂ ಹತ್ತಿರದಿಂದ ನೋಡಿ. ನಮ್ಮ ಚಿಕ್ಕಬಳ್ಳಾಪುರದ ಕಡೆ ತಲೆಯ ಮೇಲೆ ಚಪ್ಪರ ಹಾಕಿ ದ್ರಾಕ್ಷಿ ಬೆಳೆಯುವುದು ರೂಢಿ. ಇಲ್ಲಿ ಕಾಂಡದಿಂದ ಒಂದು ತೋಳನ್ನು ಮೊಣಕಾಲೆತ್ತರದ ತಂತಿಯ ಮೇಲೆ ಮಲಗಿಸಿ, ಅದರ ಮೇಲೆ ಗೇಣಿಗಿಂತ ಕಡಿಮೆ ಅಂತರದಲ್ಲಿ ಎರಡೆರಡು ಕಣ್ಣಿನ ಮೋಟುಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಚಳಿಗಾಲದಲ್ಲಿ ಕತ್ತರಿಸುತ್ತಾರೆ. ಗೊಂಚಲು ಸಣ್ಣದು, ನೆಲಕ್ಕೆ ಹತ್ತಿರ. ಕಲ್ಲಿನ ಕಾವು ರಾತ್ರಿ ಮೊದಲ ಜಾವದವರೆಗೂ ಅದಕ್ಕೆ ತಾಗುತ್ತಿರುತ್ತದೆ.

ಸಸ್ಸಿಕಾಯಾ ಮಾಡುವ ತೆನೂತಾ ಸಾನ್ ಗ್ವೀದೊ ಎಸ್ಟೇಟು ಕಡಲಿನಿಂದ ಗುಡ್ಡದವರೆಗೆ ಸುಮಾರು 13 ಕಿಲೋಮೀಟರ್ ಹಬ್ಬಿದೆ. ದ್ರಾಕ್ಷಿ ಇರುವುದು ಅದರ ಸಣ್ಣ ಪಾಲಿನಲ್ಲಿ. ಉಳಿದದ್ದು ಕಾಡು, ಗೋಧಿ, ಕುದುರೆ ಲಾಯ, ಕಡಲ ಬದಿಯಲ್ಲಿ ಹಕ್ಕಿಗಳಿಗೆಂದೇ ಬಿಟ್ಟ ಜೌಗು. ಹದಿನಾರು ರೇಸು ಓಡಿ ಹದಿನಾರೂ ಗೆದ್ದ ರಿಬೊ ಎಂಬ ಕುದುರೆ ಇದೇ ಇಂಚೀಸಾ ಮನೆತನ ಪಾಲುದಾರಿಕೆ ಹೊಂದಿದ್ದ ಲಾಯದ್ದು. ಮುಂಗಡ ಅನುಮತಿ ಇಲ್ಲದೆ ತೋಟದೊಳಗೆ ಕಾಲಿಡಬೇಡಿ. ಬೇಲಿ ಇಲ್ಲದಿದ್ದರೂ ಅದು ಖಾಸಗಿ ಜಮೀನು. ಕೊಯ್ಲಿನ ಹೊತ್ತಿನಲ್ಲಂತೂ ಟ್ರ್ಯಾಕ್ಟರುಗಳಿಗೆ ಅಡ್ಡಿಯಾಗುತ್ತದೆ.

ಸಂಜೆ ಬೋಲ್ಗೆರಿಯಿಂದ ಕಾಸ್ತಾನ್ಯೆತೊ ಕಡೆಗೆ ಹೋಗುವ ಬೋಲ್ಗೆರೇಸೆ ರಸ್ತೆಯಲ್ಲಿ ಒಂದು ಸುತ್ತು. ಒರ್ನೆಲ್ಲಾಯಾ, ಲೆ ಮಾಕಿಯೊಲೆ, ಗ್ರಾತ್ತಮಾಕೊ ಎಂಬ ದೊಡ್ಡ ವೈನ್ ತಯಾರಕರ ಫಲಕ ಒಂದರ ಹಿಂದೆ ಒಂದು ಬರುತ್ತವೆ. ಇವೆಲ್ಲ ಸಸ್ಸಿಕಾಯಾ ದಾರಿ ತೋರಿಸಿದ ಮೇಲೆ ಬಂದವು.

ಮೂರನೇ ದಿನ: ಗುಡ್ಡ, ಮತ್ತು ಎರಡು ಬೇಸಿಗೆ

ಬೆಳಿಗ್ಗೆ ಕಾಸ್ತಾನ್ಯೆತೊ ಊರಿನ ತುದಿಗೆ ಹತ್ತಿ ನಿಂತರೆ ಇಡೀ ನಕಾಶೆ ಕಾಲಬುಡದಲ್ಲಿದೆ. ಪಶ್ಚಿಮಕ್ಕೆ ಕಡಲು, ಅದರಾಚೆ ದ್ವೀಪಗಳ ನೀಲಿ ಗೆರೆ. ನಡುವೆ ಬಯಲು, ಬೆನ್ನಿಗೆ ಕಾಡು ತುಂಬಿದ ಗುಡ್ಡ. 1944ರ ಮೊದಲ ತೋಟ ಇದ್ದ ಕಾಸ್ತಿಲ್ಯೊಂಚೆಲ್ಲೊ ಆ ಗುಡ್ಡಸಾಲಿನಲ್ಲಿ, 300 ಮೀಟರಿಗೂ ಮೇಲೆ. ಉಪ್ಪುಗಾಳಿ ದ್ರಾಕ್ಷಿಗೆ ಕೆಟ್ಟದ್ದು ಎಂಬ ನಂಬಿಕೆಯಿಂದ ಕಡಲಿಗೆ ಬೆನ್ನು ಮಾಡಿದ ಜಾಗ ಆರಿಸಿದ್ದರು. ಕೆಳಗಿನ ಕಲ್ಲುಗಾಡಿಗೆ ಇಳಿದದ್ದು 1960ರ ದಶಕದಲ್ಲಿ. ಆಗ ಗೊತ್ತಾದದ್ದು ನಂಬಿಕೆಗೆ ತೀರಾ ಉಲ್ಟಾ: ಹಗಲು ಕಡಲಿನಿಂದ ಮೇಲಕ್ಕೂ ರಾತ್ರಿ ಗುಡ್ಡದಿಂದ ಕೆಳಕ್ಕೂ ಬೀಸುವ ಗಾಳಿಯೇ ಇಲ್ಲಿನ ಹಣ್ಣನ್ನು ಕಾಯುವುದು. ಗೊಂಚಲು ಒಣಗಿರುತ್ತದೆ, ಬೂಷ್ಟು ಹಿಡಿಯುವುದಿಲ್ಲ, ರಾತ್ರಿ ತಂಪಾಗುತ್ತದೆ.

ಈಗ ಎರಡು ವರ್ಷಗಳ ಮಾತು. 2015ರ ಜುಲೈ ಇಲ್ಲಿ ಅತಿ ಬಿಸಿ, ಅತಿ ಒಣ. ಇಂಥ ಬಿಸಿಯಲ್ಲಿ ಬಳ್ಳಿ ತನ್ನ ಎಲೆಯ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ನೀರು ಉಳಿಯುತ್ತದೆ, ಆದರೆ ಹಣ್ಣು ಮಾಗುವ ಕೆಲಸ ನಿಂತುಹೋಗುತ್ತದೆ. ಹಾಗೇ ಮುಂದುವರಿದರೆ ಹಣ್ಣು ಸುಕ್ಕಿ ಸಕ್ಕರೆ ಏರುತ್ತದೆ, ಸಿಪ್ಪೆ ಮತ್ತು ಬೀಜದ ಒಗರು ಮಾತ್ರ ಹಸಿಯಾಗೇ ಉಳಿಯುತ್ತದೆ. ಬಾಯಿ ಸುಡುವ ಮದ್ಯಸಾರ, ಅದರ ಜೊತೆಗೇ ಹಸಿ ಒಗರು: ಬಿಸಿ ವರ್ಷದ ಕೆಟ್ಟ ವೈನುಗಳ ಗುರುತೇ ಅದು. 2015ನ್ನು ಉಳಿಸಿದ್ದು ಆಗಸ್ಟಿನ ಮಳೆ. ನಮ್ಮಲ್ಲಿ ರೈತರು ಆಶ್ಲೇಷ ಮಳೆಗೆ ಮುಖ ಮಾಡಿ ಕಾಯುವ ಕಾಲವದು. ಮಳೆ ಬಿದ್ದು ತಾಪ ಇಳಿದ ಮೇಲೆ ಬಳ್ಳಿ ಮತ್ತೆ ಉಸಿರಾಡಿತು, ಮಾಗುವಿಕೆ ಮುಂದುವರಿಯಿತು. ಆ ವೈನಿನ ಮೃದುತನದ ಮೂಲ ಇಲ್ಲಿದೆ.

2016ರ ಬೇಸಿಗೆಯೂ ಬಿಸಿಯೇ, ಒಣಗಿದ್ದೇ. ಆದರೆ 2015ರ ಜುಲೈಯಂತೆ ಒಂದೇ ಸಮ ಕುದಿಯಲಿಲ್ಲ, ಮಾಗುವ ಕೊನೆಯ ವಾರಗಳಲ್ಲಿ ಹಗಲಿಗೂ ರಾತ್ರಿಗೂ ದೊಡ್ಡ ಅಂತರವಿತ್ತು. ರಾತ್ರಿ ತಂಪಿದ್ದರೆ ಏನಾಗುತ್ತದೆ? ದ್ರಾಕ್ಷಿಗೆ ಹುಳಿ ಕೊಡುವ ಮ್ಯಾಲಿಕ್ ಆಮ್ಲವನ್ನು ಹಣ್ಣು ತನ್ನ ಉಸಿರಾಟಕ್ಕೆ ಸುಟ್ಟುಕೊಳ್ಳುತ್ತದೆ. ಬಿಸಿ ಹೆಚ್ಚಿದಷ್ಟೂ ಬೇಗ ಸುಡುತ್ತದೆ. ತಂಪಾದ ರಾತ್ರಿ ಆ ಉಸಿರಾಟವನ್ನು ನಿಧಾನಿಸುತ್ತದೆ. ಹಗಲಿನ ಬಿಸಿಲಿನಲ್ಲಿ ಬಣ್ಣ, ಪರಿಮಳ, ಒಗರು ಎಲ್ಲವೂ ಮಾಗುತ್ತವೆ, ಹುಳಿಯೂ ಪೂರ್ತಿ ಕರಗಿಹೋಗದೆ ನಿಲ್ಲುತ್ತದೆ. ಬೆನ್ನುಮೂಳೆ ಇರುವ ವೈನು ಇಂಥ ವರ್ಷದಲ್ಲೇ ಹುಟ್ಟುವುದು.

ಎರಡೂ ವರ್ಷ ಸುಮಾರು 85 ಪಾಲು ಕ್ಯಾಬರ್ನೆ ಸೋವಿನ್ಯಾನ್, 15 ಪಾಲು ಕ್ಯಾಬರ್ನೆ ಫ್ರಾಂ. ಸ್ಟೀಲ್ ತೊಟ್ಟಿಯಲ್ಲಿ ಹುದುಗು, ಆಮೇಲೆ 225 ಲೀಟರಿನ ಫ್ರೆಂಚ್ ಓಕ್ ಪೀಪಾಯಿಗಳಲ್ಲಿ ಎರಡು ವರ್ಷ. ತೋಟ ಅದೇ, ಕೈ ಅದೇ, ಮರ ಅದೇ; ಬದಲಾದದ್ದು ಆಕಾಶ ಒಂದೇ. ಹೋಲಿಕೆಗೆ ಈ ಜೋಡಿ ಇಷ್ಟು ಚೆನ್ನಾಗಿ ಹೊಂದುವುದು ಅದಕ್ಕೇ. ಕಾನೂನೂ ಅಷ್ಟೇ ಬಿಗಿ. ಒಂದೇ ಎಸ್ಟೇಟಿಗೆ ಮೀಸಲಾದ ಬೋಲ್ಗೆರಿ ಸಸ್ಸಿಕಾಯಾ ಎಂಬ ಡಿಒಸಿ ಪಟ್ಟ (ವೈನು ಇಂಥ ನೆಲದ್ದೇ ಎಂಬ ಕಾನೂನಿನ ಮಾನ್ಯತೆ) ಇಟಲಿಯಲ್ಲಿ ಬೇರೆ ಯಾರಿಗೂ ಇಲ್ಲ. 1994ರಲ್ಲಿ ಬೋಲ್ಗೆರಿಯ ಉಪವಲಯವಾಗಿ ಸಿಕ್ಕಿದ್ದು 2013ರಲ್ಲಿ ಸ್ವತಂತ್ರವಾಯಿತು.

ಅಂಕಗಳ ಬಗ್ಗೆ ಕೇಳುವವರಿಗೆ: ವೈನ್ ಸ್ಪೆಕ್ಟೇಟರ್ ಪತ್ರಿಕೆ 2018ರ ವರ್ಷದ ಪಟ್ಟಿಯಲ್ಲಿ 2015ನ್ನು ಮೊದಲ ಸ್ಥಾನದಲ್ಲಿಟ್ಟಿತು. ವೈನ್ ಅಡ್ವೊಕೇಟ್ ಎಂಬ ಇನ್ನೊಂದು ಪತ್ರಿಕೆ 2016ಕ್ಕೆ ಪೂರ್ತಿ ನೂರು ಕೊಟ್ಟಿತು. ಇಬ್ಬರೂ ಸರಿ, ಏಕೆಂದರೆ ಇಬ್ಬರೂ ಮೆಚ್ಚಿದ್ದು ಬೇರೆ ಬೇರೆ ಗುಣವನ್ನು.

ಇವತ್ತೇ ಎರಡೂ ಬಾಟಲಿ ಕೊಂಡು ಕೋಣೆಗೆ ತಂದು, ನಾಳೆ ಸಂಜೆಗಾಗಿ ನೆಟ್ಟಗೆ ನಿಲ್ಲಿಸಿಡಿ. ಹತ್ತು ವರ್ಷ ಕಂಡ ವೈನಿನಲ್ಲಿ ಗಸಿ ಇರುತ್ತದೆ, ಅದು ತಳಕ್ಕೆ ಇಳಿಯಲು ಇಪ್ಪತ್ತನಾಲ್ಕು ಗಂಟೆಯಾದರೂ ಬೇಕು. ಕೊಳ್ಳುವಾಗ ಎರಡೂ ಒಂದೇ ಅಳತೆಯದಾಗಿರಲಿ. 375 ಮಿಲಿಲೀಟರಿನ ಅರ್ಧ ಬಾಟಲಿ ಅಗ್ಗವೆಂದು ಒಂದನ್ನು ಅರ್ಧ, ಇನ್ನೊಂದನ್ನು ಪೂರ್ತಿ ತಂದರೆ ಹೋಲಿಕೆಯೇ ಹಾಳು. ಅರ್ಧ ಬಾಟಲಿಯಲ್ಲಿ ವೈನು ಕಡಿಮೆ, ಕಾರ್ಕಿನ ಬಳಿಯ ಗಾಳಿ ಮಾತ್ರ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಬೇಗ ಮುಪ್ಪಾಗುತ್ತದೆ.

ಅಗ್ಗದ ಬಾಟಲಿಗೆ ಮನಸೋಲಬೇಡಿ. 2020ರ ಅಕ್ಟೋಬರಿನಲ್ಲಿ ಇಟಲಿಯ ಹಣಕಾಸು ಪೊಲೀಸರು ನಕಲಿ ಸಸ್ಸಿಕಾಯಾದ ದೊಡ್ಡ ಜಾಲವನ್ನು ಹಿಡಿದರು. ವೈನು ಸಿಸಿಲಿಯದು, ಬಾಟಲಿ ಟರ್ಕಿಯದು, ಲೇಬಲ್ಲು ಮತ್ತು ಮರದ ಪೆಟ್ಟಿಗೆ ಬಲ್ಗೇರಿಯಾದ್ದು. ಬಾಟಲಿ ಸುತ್ತುವ ತೆಳು ಕಾಗದದ ತೂಕವನ್ನೂ ಬಿಡದೆ ನಕಲು ಮಾಡಿದ್ದರು. ನಕಲಾದ ವರ್ಷಗಳು 2010ರಿಂದ 2015. ಅಂದರೆ ಈ ಜೋಡಿಯಲ್ಲಿ ಹೆಚ್ಚು ಎಚ್ಚರ ಬೇಕಾದದ್ದು 2015ಕ್ಕೆ. ಬಿಲ್ಲು ಕೊಡುವ, ಬಾಟಲಿ ಎಲ್ಲಿಂದ ಬಂತೆಂದು ಹೇಳಬಲ್ಲ ಅಂಗಡಿಯಲ್ಲಿ ಮಾತ್ರ ಕೊಳ್ಳಿ. ನೀಲಿ ವೃತ್ತದೊಳಗಿನ ಚಿನ್ನದ ಎಂಟು ಮೊನೆಯ ನಕ್ಷತ್ರವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು.

ನಾಲ್ಕನೇ ದಿನ: ಮೇಜಿನ ಮೇಲೆ

ಆರು ಜನಕ್ಕೆ ಎರಡು ಬಾಟಲಿ ಸರಿಯಾದ ಲೆಕ್ಕ. ಮೂರು ಸುತ್ತು: ಮೊದಲೆರಡು ಸುತ್ತಿಗೆ ತಲಾ 30 ಮಿಲಿಲೀಟರ್, ಊಟದ ಜೊತೆಗಿನ ಮೂರನೆಯದಕ್ಕೆ 40. ಒಬ್ಬರಿಗೆ ಒಂದು ಬಾಟಲಿಯಿಂದ 100, ಆರು ಜನಕ್ಕೆ 600. ಪ್ರತಿ ಬಾಟಲಿಯಲ್ಲಿ 150 ಮಿಲಿಲೀಟರ್ ಉಳಿಯುತ್ತದೆ, ಅದು ನಾಳೆ ಬೆಳಿಗ್ಗೆಗೆ.

ಗ್ಲಾಸುಗಳು ಹನ್ನೆರಡು, ಎಲ್ಲ ಒಂದೇ ಆಕಾರದವು, ಬೋರ್ಡೋ ಮಾದರಿಯ ದೊಡ್ಡವು. ಬೀರುವಿನಲ್ಲಿದ್ದ ಗ್ಲಾಸನ್ನು ಮೊದಲು ಮೂಸಿ. ಮರದ, ಸೋಪಿನ ವಾಸನೆ ಇದ್ದರೆ ಬಿಸಿನೀರಲ್ಲಿ ತೊಳೆದು ಗಾಳಿಗೆ ಆರಲಿ. ವೈನು 17 ಡಿಗ್ರಿಯ ಆಸುಪಾಸಿನಲ್ಲಿರಬೇಕು, ಎರಡೂ ಒಂದೇ ಉಷ್ಣದಲ್ಲಿರುವುದು ಅದಕ್ಕಿಂತ ಮುಖ್ಯ. ಹೋಲಿಕೆಗಳು ಹೆಚ್ಚಾಗಿ ಕೆಡುವುದು ಇಲ್ಲೇ. ಒಂದು ಬಾಟಲಿ ಕಿಟಕಿಯ ಬಳಿ ನಿಂತು 22 ಡಿಗ್ರಿ ಮುಟ್ಟಿದ್ದರೆ ಅದರ ಮದ್ಯಸಾರ ಮೂಗಿಗೆ ಹೊಡೆಯುತ್ತದೆ, ಜನ ಅದನ್ನು "ಬಿಸಿ ವರ್ಷ" ಎಂದುಬಿಡುತ್ತಾರೆ. ಇನ್ನೊಂದು 14ಕ್ಕೆ ಇಳಿದಿದ್ದರೆ ಒಗರು ಎದ್ದು ಕಂಡು "ಇದು 2016" ಎನ್ನುತ್ತಾರೆ. ಎರಡು ರೂಪಾಯಿಯ ತಪ್ಪು, ಐವತ್ತು ಸಾವಿರದ ಬಾಟಲಿಗಳ ತೀರ್ಪನ್ನು ತಿರುಗಿಸುತ್ತದೆ. ಅಡುಗೆಮನೆಯ ಥರ್ಮಾಮೀಟರ್ ಇಟ್ಟುಕೊಳ್ಳಿ.

ಸಂಜೆ ನಾಲ್ಕಕ್ಕೆ ಕಾರ್ಕು ತೆಗೆಯಿರಿ. ಒಬ್ಬರು ಮಾತ್ರ ತೆಗೆದು ಎರಡೂ ಬಾಟಲಿಗೆ ಬುಡದಿಂದ ಭುಜದ ಕೆಳಗಿನವರೆಗೆ ಅಲ್ಯೂಮಿನಿಯಂ ಹಾಳೆ ಸುತ್ತಲಿ. ಕಾರ್ಕುಗಳನ್ನು ಜೇಬಿಗೆ ಹಾಕಿಕೊಳ್ಳಲಿ, ವರ್ಷ ಅದರ ಮೇಲೂ ಇರುತ್ತದೆ. ಕಾರ್ಕು ಕೆಟ್ಟಿದೆಯೇ ಎಂದು ತಿಳಿಯಲು ಗ್ಲಾಸಿಗೆ ಒಂದು ಗುಟುಕು ಸುರಿದು ಮೂಸಬೇಕು. ಮಳೆಗಾಲದಲ್ಲಿ ತೊಯ್ದ ರಟ್ಟಿನ ಡಬ್ಬಿಯ, ಮುಗ್ಗಿದ ಗೋಣಿಚೀಲದ ವಾಸನೆ ಬಂದರೆ ಆ ಬಾಟಲಿ ಮುಗಿಯಿತು. ಗಾಳಿಗಿಟ್ಟಷ್ಟೂ ಜೋರಾಗುತ್ತದೆ ಹೊರತು ಹೋಗುವುದಿಲ್ಲ. ಕಷ್ಟವೆಂದರೆ ಅಷ್ಟು ಜೋರಾಗಿರದ ದೋಷ: ವಾಸನೆ ಇರುವುದಿಲ್ಲ, ಆದರೆ ಹಣ್ಣಿನ ಪರಿಮಳವೆಲ್ಲ ಸತ್ತು ವೈನು ಸಪ್ಪೆಯಾಗಿರುತ್ತದೆ. ಎರಡರಲ್ಲಿ ಒಂದು ಕಾರಣವಿಲ್ಲದೆ ಮೂಕವಾಗಿದ್ದರೆ, ಅದನ್ನು ಆ ವರ್ಷದ ಗುಣವೆಂದು ಬರೆದಿಡುವ ಮುಂಚೆ ಈ ಅನುಮಾನ ಬರಬೇಕು.

ಮೊದಲ ಸುತ್ತು ಬಾಟಲಿಯಿಂದ ನೇರ. ಬಣ್ಣದಲ್ಲಿ ದೊಡ್ಡ ವ್ಯತ್ಯಾಸ ಹುಡುಕಬೇಡಿ. ಬಿಳಿ ಕಾಗದದ ಮೇಲೆ ಗ್ಲಾಸನ್ನು ವಾಲಿಸಿದರೆ 2015ರ ಅಂಚು ತುಸು ಇಟ್ಟಿಗೆ ಬಣ್ಣಕ್ಕೆ ತಿರುಗಿರಬಹುದು, 2016ರದ್ದು ಇನ್ನೂ ಮಾಣಿಕ್ಯದ ಕೆಂಪು. ಮೂಗಿಗೆ 2015 ತಾನೇ ಬಂದು ಮಾತಾಡಿಸುತ್ತದೆ. ಮಾಗಿದ ನೇರಳೆ ಹಣ್ಣು, ದೇವದಾರು ಮರದ ಹೊಸ ಹಲಗೆ, ಕಡಲ ಬದಿಯ ಒಣ ಗಿಡಮೂಲಿಕೆ. 2016 ಮೊದಲಿಗೆ ಬಾಯಿ ಬಿಡುವುದಿಲ್ಲ. ಪೆನ್ಸಿಲ್ ಕೆತ್ತಿದ ವಾಸನೆ, ಸ್ವಲ್ಪ ಕಾಳುಮೆಣಸು, ಅದರ ಹಿಂದೆ ಎಲ್ಲೋ ಹಣ್ಣು.

ನಂತರ ಎರಡನ್ನೂ ಒಂದೇ ಆಕಾರದ ಎರಡು ಡಿಕ್ಯಾಂಟರಿಗೆ, ಅಂದರೆ ವೈನಿಗೆ ಗಾಳಿಯಾಡಿಸುವ ಗಾಜಿನ ಹೂಜಿಗೆ, ಬಗ್ಗಿಸಿ. ಬಾಟಲಿಯ ಕತ್ತಿನ ಕೆಳಗೆ ಮೊಬೈಲ್ ದೀಪ ಹಿಡಿದು, ಗಸಿಯ ಕಪ್ಪು ಎಳೆ ಭುಜದ ಬಳಿ ಕಂಡ ಕ್ಷಣ ನಿಲ್ಲಿಸಿ. ಬಗ್ಗಿಸಿ ಒಂದು ಗಂಟೆಯಾದ ಮೇಲೆ ಎರಡನೇ ಸುತ್ತು, ಮೂರು ಗಂಟೆಯಾದ ಮೇಲೆ ಮೂರನೆಯದು. ಒಂದಕ್ಕೆ ಗಾಳಿ ಕೊಟ್ಟು ಇನ್ನೊಂದಕ್ಕೆ ಕೊಡದಿದ್ದರೆ ಅದು ವರ್ಷಗಳ ಹೋಲಿಕೆ ಆಗುವುದಿಲ್ಲ.

ಬಾಯಿಯೊಳಗಿನ ವ್ಯತ್ಯಾಸಕ್ಕೆ ಕನ್ನಡದಲ್ಲಿ ಎರಡು ಒಳ್ಳೆಯ ಪದಗಳಿವೆ, ಒಗರು ಮತ್ತು ಚೊಗರು. ಮಾಗಿದ ನೇರಳೆ ತಿಂದ ಮೇಲೆ ನಾಲಿಗೆಯ ಮೇಲೆ ಮೆತ್ತಗೆ ಹರಡುವುದು ಒಗರು. ಎಳೆ ಅಡಕೆ ಜಗಿದಾಗ ಕೆನ್ನೆಯ ಒಳಬದಿ ಒಳಕ್ಕೆ ಎಳೆದುಕೊಂಡಂತಾಗುವುದು ಚೊಗರು. 2015ರಲ್ಲಿ ಇರುವುದು ಮೊದಲನೆಯದು. ವೆಲ್ವೆಟ್ ಬಟ್ಟೆ ಸವರಿದಂತೆ ನಾಲಿಗೆಯ ನಡುವೆ ಹಾಯ್ದು ಹೋಗುತ್ತದೆ, ಹುಳಿ ಹಿಂದೆ ನಿಂತಿರುತ್ತದೆ. 2016 ಒಸಡಿನ ಮೇಲೆ ಕೂರುತ್ತದೆ. ಅದರ ಚೊಗರು ಹಸಿಯಾದದ್ದಲ್ಲ, ಮಾಗಿದ್ದೇ, ಆದರೆ ಇನ್ನೂ ಬಿಚ್ಚಿಕೊಂಡಿಲ್ಲ. ಅದರ ಕೆಳಗೆ ನಾಲಿಗೆಯ ಎರಡೂ ಅಂಚಿನಲ್ಲಿ ನೀರೂರಿಸುವ ಹುಳಿ. ನುಂಗಿದ ಮೇಲೆ ಗಡಿಯಾರ ನೋಡಿದರೆ 2016ರ ರುಚಿ ಹೆಚ್ಚು ಹೊತ್ತು ನಿಲ್ಲುತ್ತದೆ.

ಒಂದು ಎಚ್ಚರಿಕೆ. ಸದಾ ಒಂದೇ ಕ್ರಮದಲ್ಲಿ ಕುಡಿದರೆ ಎರಡನೆಯ ಗ್ಲಾಸು ಯಾವಾಗಲೂ ಹೆಚ್ಚು ಚೊಗರಾಗಿ ತೋರುತ್ತದೆ, ಏಕೆಂದರೆ ಬಾಯಿ ಆಗಲೇ ಒಣಗಿರುತ್ತದೆ. ಮೂವರು ಎಡಗಡೆಯಿಂದ, ಮೂವರು ಬಲಗಡೆಯಿಂದ ಶುರುಮಾಡಲಿ. ನಡುವೆ ನೀರು ಮತ್ತು ಬ್ರೆಡ್ಡು. ಟಸ್ಕನಿಯ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ಊಟಕ್ಕೆ ಸಪ್ಪೆ ಅನ್ನಿಸುವ ಅದೇ ಬ್ರೆಡ್ಡು ಬಾಯಿ ತೊಳೆಯುವುದಕ್ಕೆ ಹೇಳಿಮಾಡಿಸಿದಂತಿದೆ.

ಮೂರನೇ ಸುತ್ತಿಗೆ ಊಟ. ಕಾಡುಹಂದಿ ಮಾಂಸದ ಸಾರಿನ ಜೊತೆ ಅಗಲ ಪಾಸ್ತಾ ಈ ಭಾಗದ ರೂಢಿ. ಮಾಂಸದ ಪ್ರೋಟೀನು, ಕೊಬ್ಬು 2016ರ ಚೊಗರನ್ನು ಹಿಡಿದು ಮೆತ್ತಗಾಗಿಸುತ್ತವೆ. ಮೂರು ಗಂಟೆಯ ಗಾಳಿಯೂ ಸೇರಿ ಅದು ಮೊದಲ ಬಾರಿಗೆ ಪೂರ್ತಿ ಅರಳುತ್ತದೆ. ಸಸ್ಯಾಹಾರಿಗಳಿಗೆ ಅಣಬೆ ಅಥವಾ ಆಲಿವ್ ಎಣ್ಣೆಯ ಬಿಳಿ ಬೀನ್ಸ್ ಕಾಳು ಹೊಂದುತ್ತದೆ. ಪೆಕೊರೀನೊ ಎಂಬ ಕುರಿಹಾಲಿನ ಚೀಸೂ ಚೆನ್ನ, ಆದರೆ ಸಾಂಪ್ರದಾಯಿಕ ಪೆಕೊರೀನೊ ಹೆಪ್ಪುಗಟ್ಟಿಸುವುದು ಕರುವಿನ ಅಥವಾ ಕುರಿಮರಿಯ ಜಠರದಿಂದ ತೆಗೆದ ರೆನೆಟ್‌ನಿಂದ, ಕೇಳಿ ಕೊಳ್ಳಿ. ಊರಿನಿಂದ ತಂದ ಚಟ್ನಿಪುಡಿ, ಉಪ್ಪಿನಕಾಯಿ ಇವತ್ತು ಪೆಟ್ಟಿಗೆಯಲ್ಲೇ ಇರಲಿ. ಖಾರ ಬಿದ್ದ ನಾಲಿಗೆಗೆ ಮದ್ಯಸಾರ ಉರಿ, ಒಗರು ಕಹಿ.

ಹಾಳೆ ಬಿಚ್ಚುವ ಮುಂಚೆ ಎಲ್ಲರೂ ಬರೆದಿಡಲಿ. ಊಟದ ನಡುವೆ ಮೊದಲು ಖಾಲಿಯಾಗುವ ಗ್ಲಾಸು ಬಹಳ ಸಲ 2015ರದ್ದೇ.

ಐದನೇ ದಿನ: ಉಳಿದದ್ದು, ಮತ್ತು ಮನೆಗೆ ಒಯ್ಯುವುದು

ರಾತ್ರಿ ಉಳಿದ 150 ಮಿಲಿಲೀಟರನ್ನು ಸಣ್ಣ ಸೀಸೆಗೆ ಕತ್ತಿನವರೆಗೂ ತುಂಬಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟಿರಬೇಕು. ಬೆಳಿಗ್ಗೆ ತಿಂಡಿಗೆ ಮುಂಚೆ, ತಂಪು ಬಿಟ್ಟ ಮೇಲೆ ಒಂದೊಂದು ಗುಟುಕು. 2015 ಇನ್ನೂ ಚೆನ್ನಾಗಿದೆ, ಆದರೆ ಹಣ್ಣಿನ ಮೇಲ್ಪದರ ಕರಗಿ ದೇವದಾರು ಮುಂದೆ ಬಂದಿದೆ. 2016 ನಿನ್ನೆಗಿಂತ ಚೆನ್ನಾಗಿದೆ. ಯಾವ ವೈನಿಗೆ ಇನ್ನೂ ದೂರದ ದಾರಿಯಿದೆ ಎಂದು ತಿಳಿಯಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ಊರಿಗೆ ಒಯ್ಯುವವರಿಗೆ ಲೆಕ್ಕ ಹೀಗಿದೆ. ಭಾರತಕ್ಕೆ ಬರುವ ಪ್ರಯಾಣಿಕರು ಸುಂಕವಿಲ್ಲದೆ ತರಬಹುದಾದ ಮದ್ಯ 2 ಲೀಟರ್; ಎರಡು ಬಾಟಲಿ ಸೇರಿ ಒಂದೂವರೆ ಲೀಟರ್, ಅಷ್ಟರೊಳಗೇ ಬರುತ್ತದೆ. ಆದರೆ ಅದರ ಬೆಲೆಯೂ ಒಟ್ಟು ವಿನಾಯಿತಿ ಮೊತ್ತಕ್ಕೆ ಸೇರುತ್ತದೆ, ಬಿಲ್ಲು ಕೈಯಲ್ಲಿರಲಿ. ಇಟಲಿಯಲ್ಲಿ ವೈನಿನ ಮೇಲಿನ ತೆರಿಗೆ 22 ಶೇಕಡ. ಒಂದೇ ಅಂಗಡಿಯಲ್ಲಿ 70 ಯೂರೊ ಮೀರಿ ಕೊಂಡ ಯುರೋಪ್ ಒಕ್ಕೂಟದ ಹೊರಗಿನವರಿಗೆ ಅದರ ಒಂದು ಪಾಲು ವಾಪಸ್ಸು ಸಿಗುತ್ತದೆ. ಅಂಗಡಿಯಲ್ಲೇ ಪಾಸ್‌ಪೋರ್ಟ್ ತೋರಿಸಿ ಫಾರಂ ಮಾಡಿಸಬೇಕು. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಯನ್ನು ಚೆಕ್‌ಇನ್‌ಗೆ ಕೊಡುವ ಮೊದಲೇ ಕಸ್ಟಮ್ಸ್ ಕೌಂಟರಿಗೆ ಹೋಗಬೇಕು, ಏಕೆಂದರೆ ಬಾಟಲಿ ನೋಡಬೇಕೆಂದು ಅವರು ಕೇಳಬಹುದು. ಪೆಟ್ಟಿಗೆ ಬೆಲ್ಟಿನ ಮೇಲೆ ಹೋದ ಮೇಲೆ ನೆನಪಾದರೆ ಆ ಹಣ ಹೋಯಿತು.

ತುಂಬಿದ ಬಾಟಲಿ ಒಂದೂಕಾಲು ಕಿಲೋಗಿಂತ ಹೆಚ್ಚು ತೂಗುತ್ತದೆ. ಗಾಳಿತುಂಬಿದ ಚೀಲಕ್ಕೆ ಹಾಕಿ, ಅದರ ಮೇಲೆ ಪ್ಲಾಸ್ಟಿಕ್ ಚೀಲ ಬಿಗಿದು, ಪೆಟ್ಟಿಗೆಯ ನಡುವೆ ಬಟ್ಟೆಗಳ ಒಳಗೆ, ಎರಡೂ ಒಂದಕ್ಕೊಂದು ತಾಗದಂತೆ. ಅಂಚಿಗೆ ಇಟ್ಟದ್ದೇ ಒಡೆಯುವುದು.

ಮನೆಗೆ ಬಂದ ಮೇಲೆ ಕನಿಷ್ಠ ಎರಡು ವಾರ ಮುಟ್ಟಬೇಡಿ, ಕುಲುಕಿದ ಗಸಿ ಕೂರಬೇಕು. ಬೆಂಗಳೂರಿನ ಹವೆ ತಂಪೆಂಬ ನಂಬಿಕೆಯಿಂದ ಬೀರುವಿನ ಮೇಲೆ ಇಟ್ಟರೆ ಏಪ್ರಿಲ್ ಮಧ್ಯಾಹ್ನಗಳಲ್ಲಿ 30 ಡಿಗ್ರಿ ದಾಟಿ ವೈನು ಹಿಗ್ಗುತ್ತದೆ, ಕಾರ್ಕು ಮೇಲೇಳುತ್ತದೆ, ರಾತ್ರಿ ಕುಗ್ಗುವಾಗ ಗಾಳಿ ಒಳಗೆ ಬರುತ್ತದೆ. ಕಾರ್ಕಿನ ತಲೆ ಅಂಚಿಗಿಂತ ಮೇಲೆ ಬಂದಿದ್ದರೆ ಆ ಬಾಟಲಿಯನ್ನು ಮೊದಲು ತೆರೆಯಿರಿ. 13 ಡಿಗ್ರಿಯ ವೈನ್ ಫ್ರಿಜ್ಜಿನಲ್ಲಿ, ಅಡ್ಡಲಾಗಿ, ಕತ್ತಲಲ್ಲಿ ಇಡುವ ಅನುಕೂಲವಿದ್ದರೆ ಮಾತ್ರ 2016ನ್ನು ಇನ್ನೊಂದು ಹತ್ತು ವರ್ಷ ಇಡುವ ಯೋಚನೆ ಮಾಡಿ. ಇಲ್ಲದಿದ್ದರೆ 2015 ಒಂದನ್ನೇ ತನ್ನಿ, ಈ ದೀಪಾವಳಿಗೆ ಮುಂಚೆ ಕುಡಿದು ಮುಗಿಸಿ.